ಹದಿನೆಂಟನೆಯ ಗಂಟು

ಹುಬ್ಬಳ್ಳಿಯಲ್ಲಿ ಆಗ ಮಕ್ಕಳ ವಯಸ್ಸನ್ನು ಯಾರೂ ಕಾಗದ ನೋಡಿ ಹೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಬೇಕು. ಮುಟ್ಟಿದರೆ ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ಕೃಷ್ಣಕ್ಕನ ಬ್ಯಾಸಗಿ ಸಾಲಿಯಲ್ಲಿ ಮಾತ್ರ ಉಲ್ಟಾ. ಕೈ ಮುಟ್ಟದವರಿಗಷ್ಟೇ ಅಲ್ಲಿ ಜಾಗ.

ಈಗ ಬೇಸಿಗೆ ಶಿಬಿರ ಎನ್ನುತ್ತಾರಲ್ಲ, ಅಂಥದ್ದೇ. ನಮ್ಮ ಓಣಿಯ ಕೃಷ್ಣಕ್ಕ ಚಿಕ್ಕ ಮಕ್ಕಳಿಗೆ ಕಲಿಸುವುದನ್ನು ಪುಣೆಯಲ್ಲಿ ಓದಿ ಬಂದವರು. ರೈಲು ಗೇಟಿನ ಆಚೆ ಅವರ ತಂದೆಯ ಮಾವಿನ ತೋಟವಿತ್ತು. ಬೇಸಿಗೆ ಸೂಟಿಯಲ್ಲಿ ದಿನಾ ಬೆಳಿಗ್ಗೆ ಹದಿನೆಂಟು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಬಿಸಿಲು ಏರುವ ಮುಂಚೆ ಮನೆಗೆ ಮುಟ್ಟಿಸುತ್ತಿದ್ದರು. ನನ್ನ ತಂಗಿ ಸುಬ್ಬಿಗೆ ಐದು ವರ್ಷ, ನನಗೆ ಒಂಬತ್ತು. ನಾನೂ ಕುತ್ತಿಗೆ ಉದ್ದ ಮಾಡಿ, ಭುಜ ಕುಗ್ಗಿಸಿ ಕೈ ಎತ್ತಿ ನಿಂತೆ.

"ಶಾಂತಾ, ನಿನ್ನ ಕೈ ಕಿವಿ ದಾಟಿ ಗಲ್ಲಕ್ಕ ಬಂತಲ್ಲವಾ!" ಕೃಷ್ಣಕ್ಕ ನಕ್ಕರು. "ನೀ ದೊಡ್ಡಾಕಿ ಆದಿ."

ದೊಡ್ಡಾಕಿಗೆ ಸಿಕ್ಕ ಕೆಲಸವೆಂದರೆ ಸುಬ್ಬಿಯನ್ನು ಬೇವಿನ ಕಟ್ಟೆಯ ತನಕ ಬಿಟ್ಟು ಬರುವುದು. ಅಲ್ಲಿ ಕೃಷ್ಣಕ್ಕ ಹಳೆಯ ಬಾವಿ ಹಗ್ಗವೊಂದನ್ನು ಬಿಚ್ಚುತ್ತಿದ್ದರು. ಅದಕ್ಕೆ ಹದಿನೆಂಟು ಗಂಟು, ಮಗುವಿಗೊಂದು. ಕೊನೆಯದು ಸುಬ್ಬಿಯದು. ಹಗ್ಗದ ತುದಿ ಹಿಡಿದು ಅವರು ಮುಂದೆ ನಡೆಯುವರು. ಮಕ್ಕಳು ಹಿಂದೆ ತಿರುಗಬಾರದು, ಗಂಟು ಬಿಡಬಾರದು. ರೈಲು ಗೇಟಿನ ಹತ್ತಿರ ನಿಂತು, ಕಣ್ಣು ಹಳಿಗಳ ಮೇಲೆ ಇಟ್ಟುಕೊಂಡೇ ಕೂಗಿ ಕೇಳುವರು, "ಗಂಟು ಖಾಲಿ ಐತೇನ್ರೋ?" "ಇಲ್ರೀ!" ಎಂದು ಮಕ್ಕಳು ಕಿರುಚಿದ ಮೇಲೆಯೇ ದಾಟುವುದು.

ಸುಬ್ಬಿ ಮನೆಗೆ ಬಂದರೆ ಬಾಯಿಂದ ಹುರಿದ ಶೇಂಗಾ, ಬೆಲ್ಲದ ವಾಸನೆ. ಉಗುರಿನೊಳಗೆ ಎರಿಮಣ್ಣು. ಹೊಸ ಹಾಡು ಅರ್ಧ ಹಾಡಿ ನಿಲ್ಲಿಸುತ್ತಿದ್ದಳು. "ಉಳಿದಿದ್ದು ಹೇಳಂಗಿಲ್ಲ. ಗಂಟು ಇದ್ದವ್ರಿಗಷ್ಟ."

ಆಕೆ ಮಾಡಿ ತಂದ ಮಣ್ಣಿನ ಎತ್ತಿನ ಕೋಡು ಮುರಿದವಳು ನಾನೇ. ಇಲಿ ಅಂದೆ. ಎಲ್ಲರೂ ನಂಬಿದರು.

ಒಂದು ಬೆಳಿಗ್ಗೆ ಕಟ್ಟೆಯ ಹತ್ತಿರ ಪಿಸುಗುಟ್ಟಿದೆ. "ಇವತ್ತೊಂದಿನ ಗಂಟು ನನಗ ಕೊಡ. ನನ್ನ ಹಸರ ಬಳಿ ಕೊಡ್ತೇನಿ."

"ಎರಡೂ ಕೊಡ."

"ತಗೋ." ಬಳೆಗಳನ್ನು ಬಿಚ್ಚಿ ಕೊಟ್ಟೆ.

"ಗೇಟಿನ ತನಕಷ್ಟ ಮತ್ತ!"

"ಹೂಂ, ಗೇಟಿನ ತನಕ."

ಕೃಷ್ಣಕ್ಕ ಮುಂದೆ ಹೊರಟದ್ದೇ ಗಂಟು ಹಿಡಿದು, ಸುಬ್ಬಿಯನ್ನು ಬೆನ್ನ ಹಿಂದೆ ಬಿಟ್ಟುಕೊಂಡು, ಮೊಣಕಾಲು ಬಗ್ಗಿಸಿ ಗಿಡ್ಡಳಾಗಿ ನಡೆದೆ. ಹಗ್ಗ ಒರಟಾಗಿತ್ತು, ಆ ಗಂಟು ಮಾತ್ರ ಸುಬ್ಬಿಯ ಅಂಗೈ ಬೆವರಿಗೆ ನುಣ್ಣಗಾಗಿತ್ತು. ಗೇಟು ಬಂತು. "ಗಂಟು ಖಾಲಿ ಐತೇನ್ರೋ?" "ಇಲ್ರೀ!" ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಸುಬ್ಬಿ ನನ್ನ ಪರಕಾರದ ನೆರಿಗೆ ಜಗ್ಗಿದಳು. "ಅಕ್ಕಾ, ಕೊಡ." ಮೊಣಕೈಯಿಂದ ಸರಿಸಿಬಿಟ್ಟೆ. ಹಗ್ಗ ಎಳೆಯಿತು, ದಾಟಿದೆ. ಹಿಂದೆ ಗೇಟು ಬಿತ್ತು.

ಸೀಟಿ ಕೇಳಿ ತಿರುಗಿದೆ. ಸುಬ್ಬಿ ಗೇಟಿನ ಅಡಿಯಿಂದ ನುಸುಳಿ ಬಂದಿದ್ದಳು. ದೊಡ್ಡ ಬಳೆಗಳು ಜಾರದಂತೆ ಒಂದು ಕೈ ಮೇಲೆತ್ತಿಕೊಂಡು ಹಳಿಯ ಕಡೆಗೆ ಓಡುತ್ತಿದ್ದಳು. ಧಾರವಾಡದ ಕಡೆಯಿಂದ ಮಾಲುಗಾಡಿ. ನಾನು ಕೂಗಬಹುದಿತ್ತು. ಓಡಬಹುದಿತ್ತು. ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಒಂದೇ: ಗಂಟು ಕಸಿಯಲು ಬರುತ್ತಿದ್ದಾಳೆ. ಇನ್ನಷ್ಟು ಬಿಗಿಯಾಗಿ ಹಿಡಿದೆ.

ಗಾಡಿ ನಮ್ಮ ನಡುವೆ ಬಂತು.

ಅಷ್ಟು ಉದ್ದದ ಗಾಡಿಯನ್ನು ನಾನು ಮತ್ತೆಂದೂ ನೋಡಿಲ್ಲ. ಗಾಲಿಗಳ ಸಂದಿನಲ್ಲಿ ಕೆಂಪು ಪರಕಾರದ ತುಂಡೊಂದು ಕಾಣುತ್ತಿತ್ತು, ಮರೆಯಾಗುತ್ತಿತ್ತು. ನಿಂತಿದೆಯೋ ಬಿದ್ದಿದೆಯೋ ತಿಳಿಯಲಿಲ್ಲ. ಕಲ್ಲಿದ್ದಲ ಹೊಗೆ ಗಂಟಲಿಗೆ ಇಳಿಯಿತು.

ಗಾಡಿ ಹೋದಾಗ ಗೇಟಿನವನ ಹೆಂಡತಿ ಹುಸೇನ್‌ಬಿ ಹಳಿಯ ಪಕ್ಕ ಕೂತಿದ್ದಳು. ಸುಬ್ಬಿಯ ಜಡೆ ಅವಳ ಮುಷ್ಟಿಯಲ್ಲಿತ್ತು. ಸುಬ್ಬಿ ಅರಚುತ್ತಿದ್ದಳು, "ನನ್ನ ಗಂಟು!"

"ಗಂಟಂತ ಗಂಟು!" ಹುಸೇನ್‌ಬಿ ಅವಳನ್ನು ಎದೆಗೆ ಅವಚಿಕೊಂಡಳು. "ಜೀವಾನ ಹೋಗ್ತಿತ್ತಲ್ಲಽ ನನ್ನವ್ವಾ!"

ನಾನು ಗಂಟು ಬಿಟ್ಟದ್ದು ಆಗ. ಕೃಷ್ಣಕ್ಕ ಹಗ್ಗದುದ್ದಕ್ಕೂ ಓಡಿ ಬಂದು ನೋಡಿದಾಗ ಅದು ಖಾಲಿ ತೂಗಾಡುತ್ತಿತ್ತು. "ಖಾಲಿ ಇಲ್ಲ ಅಂದ್ರಲ್ಲೋ..." ಎನ್ನುತ್ತ ಜಲ್ಲಿಯ ಮೇಲೆ ಕುಸಿದರು. ಮಕ್ಕಳಾರೂ ಹಿಂದೆ ತಿರುಗಿ ನೋಡಿರಲಿಲ್ಲ. ನೀನಿಲ್ಲಿ ಹೇಗೆ ಎಂದು ಕೇಳಿದ್ದಕ್ಕೆ, ತಂಗಿಯನ್ನು ಹುಡುಕಿಕೊಂಡು ಬಂದೆ ಎಂದೆ.

ಮನೆಯಲ್ಲಿ ಅವ್ವ ಕೇಳಿದಳು, "ಹುಡುಗಿ ಗಂಟು ಯಾಕ ಬಿಟ್ಲು?"

"ಬಳಿ ನೋಡ್ಕೋತ ಆಕೀನಽ ಬಿಟ್ಲು."

ಸುಬ್ಬಿ ಜ್ವರದಲ್ಲಿ ಮಲಗಿದ್ದಳು.

ಮರುದಿನ ಕಟ್ಟೆಗೆ ಒಂದು ಮಗುವೂ ಬರಲಿಲ್ಲ. ಕೃಷ್ಣಕ್ಕ ಬಹಳ ಹೊತ್ತು ಕಾದು, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದದ್ದನ್ನು ನಮ್ಮ ಕಿಟಕಿಯಿಂದ ನೋಡಿದೆ. ಆ ಸಾಲಿ ಮತ್ತೆ ತೆರೆಯಲಿಲ್ಲ.

ಮುಂದೆ ನಾಲ್ಕು ವರ್ಷ ರೈಲಿನಲ್ಲೇ ಧಾರವಾಡದ ಕಾಲೇಜಿಗೆ ಹೋದೆ. ಆ ಗೇಟು ಬಂದಾಗ ನನ್ನ ಮುಷ್ಟಿ ತಾನಾಗಿ ಬಿಗಿಯುತ್ತಿತ್ತು. ಆ ಜಾಗ ಬಂದರೆ ಈಗಲೂ ಬಿಗಿಯುತ್ತದೆ; ಈಗ ಅಲ್ಲಿ ಗೇಟು ಇಲ್ಲ, ತೋಟವಿಲ್ಲ, ಮಕ್ಕಳ ವಯಸ್ಸನ್ನು ಕಿವಿ ಮುಟ್ಟಿಸಿ ನೋಡುವವರೂ ಇಲ್ಲ.

ಮೊನ್ನೆ ಸುಬ್ಬಿ ಬಂದಿದ್ದಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಹಾಡುಗಳನ್ನು ಪೂರ್ತಿ ಹಾಡಿದಳು. ಉಳಿದರ್ಧವನ್ನು ನಾನು ಕೇಳಿದ್ದು ಅದೇ ಮೊದಲು. ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು.

"ಆ ರೈಲು ನೆನಪೈತೇನ?" ಕೇಳಿದೆ.

"ರೈಲು ಇಲ್ಲಕ್ಕಾ. ಹುಸೇನ್‌ಬಿ ಬೆಲ್ಲ ಕೊಟ್ಟಿದ್ದು ನೆನಪೈತಿ." ಆಮೇಲೆ ಮೊಮ್ಮಗಳ ತಲೆ ಸವರುತ್ತ ಹೇಳಿದಳು, "ನಾನಽ ಗಂಟು ಬಿಟ್ಟಿದ್ನಂತಲ್ಲ, ಬಳಿ ನೋಡ್ಕೋತ? ಅವ್ವ ಹೇಳ್ತಿದ್ಲು. ಪಾಪ, ನನ್ನಿಂದ ಕೃಷ್ಣಕ್ಕನ ಸಾಲಿ ಬಂದ್ ಆತು."

ಈಗಲಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಹೂಂ," ಅಂದೆ. "ನೀನಽ ಬಿಟ್ಟಿದ್ದಿ."