ಸೊನ್ನೆಕ್ಕನ ಕೆಮ್ಮು

ಇನ್ನೂ ಬೆಳಕು ಹರಿದಿಲ್ಲ. ಬಸ್ ಡಿಪೋದ ಪರೀಕ್ಷಾ ಕೋಣೆಯನ್ನು ಗುಡಿಸಿ, ಒರೆಸಿ, ಬಕೆಟ್ಟನ್ನು ಮೂಲೆಗಿಟ್ಟ ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಪುಟ್ಟ ಕಪ್ಪಿಗೆ ಉಗುಳುತ್ತಾರೆ. ಲ್ಯಾಬ್ ತಂತ್ರಜ್ಞೆ ಅದರಲ್ಲಿ ಕಾಗದದ ಪಟ್ಟಿಯೊಂದನ್ನು ಅದ್ದುತ್ತಾಳೆ. ಪಟ್ಟಿ ಹಳದಿಯಾಗಿಯೇ ಉಳಿಯುತ್ತದೆ. "ಸೊನ್ನೆ," ಎನ್ನುತ್ತಾಳೆ. ಹೊರಗೆ ಸಾಲುಗಟ್ಟಿರುವ ಚಾಲಕರ ಸರದಿ ಬರುವುದು ಆಮೇಲೆ.

ಪಟ್ಟಿಯಲ್ಲಿ ಲೇಪಿಸಿದ ಪ್ರೋಟೀನು ಎಂಜಲಿನಲ್ಲಿ ಅಮಲು ಪದಾರ್ಥವಿದ್ದರೆ ಗುರುತು ಹಿಡಿಯುತ್ತದೆ; ಹಳದಿ ನೇರಳೆಗೆ ತಿರುಗುತ್ತದೆ. ಆದರೆ ಪಟ್ಟಿಯೇ ಕೆಟ್ಟಿದ್ದರೆ? ಅದಕ್ಕೇ ಪಟ್ಟಿಗಳ ಪ್ರತಿ ಹೊಸ ಡಬ್ಬಿಯನ್ನೂ ಮೊದಲು ಔಷಧಿ ಸೋಕದ ಎಂಜಲಿನಲ್ಲಿ ನೋಡಬೇಕು. ಆ ಎಂಜಲು ವರ್ಷಗಳಿಂದ ಕಸ ಗುಡಿಸುವ ಈ ಅಕ್ಕನದು. ಡಿಪೋಗೆಲ್ಲ ಅವರು ಸೊನ್ನೆಕ್ಕ.

"ಪರೀಕ್ಷೇಲಿ ದಿನಾ ಸೊನ್ನೆ ತಗೊಂಡೂ ಕೆಲ್ಸ ಉಳಿಸ್ಕೊಂಡಿರೋಳು ನಾನೊಬ್ಳೇ ನೋಡಿ," ಎಂದು ಬಾಯ್ತುಂಬ ನಗುತ್ತಾರೆ.

ನಕ್ಕಷ್ಟು ಸುಲಭವಲ್ಲ. ತಲೆ ಸಿಡಿದರೂ ಮಾತ್ರೆ ನುಂಗುವಂತಿಲ್ಲ. ಕೆಲವು ಕೆಮ್ಮಿನ ಸಿರಪ್ಪಿನಲ್ಲೂ ಅಮಲಿನ ಅಂಶವಿರುತ್ತದೆ, ಪಟ್ಟಿ ಅದನ್ನೂ ಬಿಡುವುದಿಲ್ಲ. ಟೈಲರ್ ಆಗಿರುವ ಗಂಡನ ದೂರು ಬೇರೆ: "ರಾತ್ರಿಯೆಲ್ಲ ಇವ್ಳು ಕೆಮ್ಮೋದು, ನಾನು ನೀರು ಕಾಯಿಸೋದು. ಸಿರಪ್ ಬಾಟ್ಲಿ ತೋರಿಸಿದ್ರೆ ನನ್ನನ್ನೇ ನುಂಗೋ ಹಾಗೆ ನೋಡ್ತಾಳೆ."

ಕಳೆದ ಬೇಸಿಗೆಯಲ್ಲಿ ಹಾಗೆ ಕೆಮ್ಮಿ ಕೆಮ್ಮಿ ಹಣ್ಣಾಗಿ ಒಂದು ಬೆಳಿಗ್ಗೆ ಸೊನ್ನೆಕ್ಕ ತಡವಾಗಿ ಬಂದರು. ಬಸ್ಸು ಹೊರಡುವ ಹೊತ್ತಾಯಿತೆಂದು ತಂತ್ರಜ್ಞೆ ಅವರಿಗೆ ಕಾಯದೆ ಹೊಸ ಡಬ್ಬಿ ಒಡೆದಿದ್ದಳು. ಮೊದಲ ಚಾಲಕರ ಪಟ್ಟಿಯೇ ನೇರಳೆಯಾಗಿತ್ತು. ಸಿಗರೇಟನ್ನೂ ಮುಟ್ಟದ ಆ ಮನುಷ್ಯ ಗೋಡೆಗೊರಗಿ ಕುಸಿದಿದ್ದರು. ಕೆಲಸ ಹೋದ ಹಾಗೆಯೇ.

ಅಕ್ಕ ಬಂದವರೇ ತಮ್ಮ ಕಪ್ಪನ್ನು ಮುಂದಿಟ್ಟರು. ಅದರಲ್ಲಿ ಅದ್ದಿದ ಪಟ್ಟಿಯೂ ನೇರಳೆ!

"ಅಕ್ಕ, ನಿಜ ಹೇಳಿ, ಸಿರಪ್ ಕುಡಿದ್ರಾ?"

"ಕುಡಿದಿದ್ರೆ ಹೀಗೆ ಕೆಮ್ತಿದ್ನಾ, ತಾಯಿ?"

ಡಬ್ಬಿಯೇ ಸೆಕೆಗೆ ಕೆಟ್ಟಿತ್ತು. ಬೇರೆ ಡಬ್ಬಿ ಒಡೆದಾಗ ಇಬ್ಬರದೂ ಅಪ್ಪಟ ಹಳದಿ. ಹಿಂದಿನ ರಾತ್ರಿ ಅಕ್ಕ ಒಂದು ಚಮಚ ಸಿರಪ್ ಕುಡಿದಿದ್ದರೆ ಅವರ ನೇರಳೆ ಸಿರಪ್ಪಿನದೆಂದಾಗಿ, ಡಬ್ಬಿಯ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

"ಅಕ್ಕ ನಿದ್ದೆಗೆಟ್ಟಿದ್ದಕ್ಕೆ ನನ್ನ ಮಕ್ಕಳ ಅನ್ನ ಉಳೀತು," ಎನ್ನುತ್ತಾರೆ ಆ ಚಾಲಕರು. ಅಕ್ಕ ಮನೆಗೆ ಹೊರಟರೆ ಅವರ ಬಸ್ಸಿನ ಮುಂದಿನ ಸೀಟು ಈಗ ಬೇರೆಯವರಿಗಿಲ್ಲ. ಅದೇ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿಶ್ಚಿಂತೆಯಿಂದ ತೂಕಡಿಸುವವರಲ್ಲಿ ನಾನೂ ಒಬ್ಬ. ಆ ನಿದ್ದೆಯ ಋಣ ಯಾರದೆಂದು ಇಷ್ಟು ದಿನ ಗೊತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಏನಾಸೆ ಎಂದು ಅಕ್ಕನನ್ನು ಕೇಳಿದೆ.

"ಕೆಮ್ಮು ಬಂದ್ರೆ ಸಿರಪ್ ಕುಡಿದು, ಹೊತ್ತು ನೆತ್ತಿಗೇರೋವರೆಗೂ ಮಲಗ್ಬೇಕು. ಅಷ್ಟೇ." ಬಕೆಟ್ ಎತ್ತಿಕೊಂಡವರು ಬಾಗಿಲಲ್ಲಿ ತಿರುಗಿ ನಿಲ್ಲುತ್ತಾರೆ. "ಅಷ್ಟ್ರೊಳಗೆ ಇನ್ನೊಂದು ಸೊನ್ನೆ ಹುಡುಕಿಡೋಕೆ ಹೇಳಿ. ನಾನಿಲ್ಲ ಅಂತ ಯಾರ ಕೆಲ್ಸಾನೂ ಹೋಗ್ಬಾರ್ದು."