ಅವ್ವನ ಹೆಬ್ಬೆಟ್ಟು

ಹೊಸಪೇಟೆಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಮೊಬೈಲ್ ಅಂಗಡಿ. ಹೆಬ್ಬೆಟ್ಟು ಒತ್ತಿಸಿಕೊಂಡು ಬ್ಯಾಂಕಿನ ಹಣ ಕೊಡುವ ಪುಟ್ಟ ಯಂತ್ರವನ್ನೂ ಇಟ್ಟಿದ್ದೇನೆ. ನಾನು ಮುಂಗೋಪಿ. ಗಿರಾಕಿ ಎರಡು ಸಲ ಬೆರಳು ತಪ್ಪಾಗಿ ಇಟ್ಟರೆ ಗದರಿಬಿಡುತ್ತಿದ್ದೆ.

ಕಂಪ್ಲಿಯ ಇಬ್ಬರು ಬಂದದ್ದು ಕ್ರಿಪ್ಟೊ ವ್ಯಾಪಾರದ ಹೆಸರಿನಲ್ಲಿ. ಫೋನಿನಲ್ಲೇ ಡಿಜಿಟಲ್ ನಾಣ್ಯ ಮಾರುತ್ತಾರಂತೆ, ಕೊಂಡವರ ಹಣ ನಾನು ಹೇಳಿದ ಖಾತೆಗೆ ಬೀಳುತ್ತದಂತೆ, ಬಿದ್ದ ದಿನವೇ ತೆಗೆದುಕೊಟ್ಟರೆ ನೂರಕ್ಕೆ ಎರಡು ನನ್ನದಂತೆ. ಯಾರ ದುಡ್ಡು ಅಂತ ಕೇಳಲಿಲ್ಲ. ಕೇಳದಿರುವಷ್ಟು ಜಾಣ ನಾನು. ನನ್ನ ಖಾತೆ ಬಿಟ್ಟು ಅವ್ವನ ಖಾತೆ ಕೊಟ್ಟೆ. ಮುದುಕಿಯ ಖಾತೆಯನ್ನು ಯಾರು ನೋಡುತ್ತಾರೆ ಅಂದುಕೊಂಡೆ.

ಮೂರು ತಿಂಗಳು ಮಸ್ತಾಗಿ ನಡೆಯಿತು. ಒಂದು ಬೆಳಿಗ್ಗೆ, ಹಣ ತೆಗೆಯುತ್ತಿದ್ದ ಅವ್ವನ ಎಟಿಎಂ ಕಾರ್ಡ್ ಕೈಕೊಟ್ಟಿತು. ಬ್ಯಾಂಕಿನಲ್ಲಿ ಕೇಳಿದರೆ, ಮೋಸಹೋದ ಯಾರದೋ ಹಣ ಇದಕ್ಕೆ ಬಂದಿದೆ, ಬೇರೆ ರಾಜ್ಯದ ಪೊಲೀಸರ ಪತ್ರವಿದೆ, ಖಾತೆ ಫ್ರೀಜ್ ಆಗಿದೆ, ಇನ್ನು ಒಂದು ಪೈಸೆಯೂ ತೆಗೆಯಲಾಗದು ಅಂದರು. ಅವ್ವನ ಪಿಂಚಣಿಯೂ ಅದರಲ್ಲೇ ಸಿಕ್ಕಿಬಿತ್ತು. ಆ ಇಬ್ಬರಿಗೆ ನಿಜ ಹೇಳಿದರೆ, ನಾನೇ ನುಂಗಿದೆ ಅಂತ ಕಡಿದುಹಾಕುತ್ತಿದ್ದರು. ಹೆದರಿ, ಕಾರ್ಡ್ ಮುರಿದಿದೆ ಎಂದು ಫೋನಿನಲ್ಲಿ ಸುಳ್ಳು ಹೇಳಿದೆ.

ಮಧ್ಯಾಹ್ನ ಅವರು ಅಂಗಡಿಗೆ ನುಗ್ಗಿ ಶಟರ್ ಎಳೆದರು. ನನಗೆ ಬುತ್ತಿ ತಂದಿದ್ದ ಅವ್ವ ಒಳಗೇ ಇದ್ದಳು.

“ಕಾರ್ಡ್ ಹೋದ್ರ ಹೋಗ್ಲಿ ಬಿಡಲೇ. ನಿಮ್ಮವ್ವನ ಹೆಬ್ಬಟ್ಟು ಐತಲ್ಲ,” ಅಂದ ದೊಡ್ಡವ. “ದಿನಾ ಒಂದೀಟು ತೆಗೀತೀವಿ.”

ಅವ್ವ ಬೆರಳಿಟ್ಟಳು. ಯಂತ್ರ ಒಪ್ಪಲಿಲ್ಲ. ಸಂಡೂರಿನ ಗುಡ್ಡಗಳಲ್ಲಿ ವರ್ಷಗಟ್ಟಲೆ ಅದಿರು ಒಡೆದ ಬೆರಳು ಅದು, ಗೆರೆಗಳೇ ಸವೆದುಹೋಗಿವೆ. ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು. ಮತ್ತೂ ಇಲ್ಲ.

“ಬೇಕಂತನ ಸೊಟ್ಟ ಇಡ್ತಾಳ ನೋಡು,” ಎಂದು ಅವನು ಅವಳ ಕೆನ್ನೆಗೆ ಬಾರಿಸಿದ. ನಾನು ಅವನ ಮೇಲೆ ಬಿದ್ದೆ. ಇನ್ನೊಬ್ಬ ಕಬ್ಬಿಣದ ಸರಳಿನಿಂದ ನನ್ನ ಮೊಣಕಾಲಿಗೆ ಹೊಡೆದು ಕೆಡವಿ, ಬೆನ್ನ ಮೇಲೆ ಕೂತ. ದೊಡ್ಡವ ಅವ್ವನ ಹೆಬ್ಬೆರಳನ್ನು ಯಂತ್ರಕ್ಕೆ ಒತ್ತಿದ, ತಿರುಚಿದ, ಮತ್ತೆ ಒತ್ತಿದ.

ಬೆರಳು ಹೊಂದಿದರೂ ಒಂದು ರೂಪಾಯಿ ಬರುವುದಿಲ್ಲವೆಂದು ಆ ಅಂಗಡಿಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಖಾತೆಗೆ ಬೀಗ ಬಿದ್ದಿದೆ ಎಂದು ಕೂಗಬಹುದಿತ್ತು. ಸರಳು ನನ್ನ ತಲೆಯ ಹತ್ತಿರವೇ ಇತ್ತು, ಬಾಯಿ ಬಿಡಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಅವ್ವ ಉಂಡಳು. ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಅವಳು ಚೀರಿದ್ದು ಕೇಳಿ ಹೊರಗಿನವರು ಶಟರ್ ಬಡಿದರು, ಅವರಿಬ್ಬರೂ ಹಿಂಬಾಗಿಲಿನಿಂದ ಓಡಿದರು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡ ಅವ್ವ, ಇನ್ನೊಂದು ಕೈಯಿಂದ ನನ್ನ ಮೊಣಕಾಲು ಸವರಿದಳು.

“ನನ್ನ ಬಟ್ಟು ಸರಿ ಇದ್ದಿದ್ರ ನಿನಗ ಹೊಡೀತಿದ್ದಿಲ್ಲ ನೋಡಪ. ಎಲ್ಲಾ ನನ್ನಿಂದನ ಆತು.”

“ಇರ್ಲಿ ಬಿಡವ್ವ,” ಅಂದೆ.