ಓದೋಕೆ ಬಂದ್ರೆ ತಪ್ಪು

ಬೀದಿದೀಪ ಇನ್ನೂ ಆರಿಲ್ಲ. ಕಿಟಕಿಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಅಚ್ಚಿನಕ್ಕ ಎಡಗೈಯಲ್ಲಿ ಅಲೆನ್ ಕೀ ಹಿಡಿದು ಒಂದು ಸ್ಕ್ರೂ ಬಿಗಿ ಮಾಡುತ್ತಿದ್ದಾರೆ. ಬಲಗೈ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿದೆ. ಎದುರಿಗೆ ಮೇಜಿನ ಮೇಲೆ ಅಲ್ಯೂಮಿನಿಯಂ ಸಲಾಕೆಗಳ ಒಂದು ಚೌಕಟ್ಟು, ಅದರ ಮೈತುಂಬ ವೈರು, ನಡುವೆ ತೂಗುಬಿದ್ದ ಸಣ್ಣ ಮೋಟರು, ಮೋಟರಿನ ಬಾಯಲ್ಲಿ ಸೂಜಿಯಂಥ ಒಂದು ಕೆತ್ತುವ ಮೊನೆ. ಅವರು ಒಂದು ಸ್ಕ್ರೂ ಬಿಗಿ ಮಾಡುತ್ತಾರೆ, ಯೋಚಿಸುತ್ತಾರೆ, ಅದನ್ನೇ ಸಡಿಲ ಮಾಡುತ್ತಾರೆ.

"ಇದು ಬಿಗಿ ಇರಬೇಕೋ ಸಡಿಲ ಇರಬೇಕೋ, ದೇವರಾಣೆ ಗೊತ್ತಿಲ್ಲ. ಬಿಗಿ ಮಾಡಿದ್ರೆ ಕಿರುಚುತ್ತೆ, ಸಡಿಲ ಬಿಟ್ರೆ ನಡುಗುತ್ತೆ. ನಮ್ಮ ಅತ್ತೆ ಥರಾನೇ."

"ಕೇಳಿಸ್ತು ಕಣೇ," ಎಂದು ಮಂಚದ ಮೇಲಿಂದ ಮುಸುಕಿನೊಳಗಿನ ದನಿ ಬರುತ್ತದೆ.

ಇದು ಸಿಎನ್‌ಸಿ ಯಂತ್ರ. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಅದೇ ಚಿತ್ರವನ್ನು ಮರದ ಮೇಲೆ ಕೆತ್ತುತ್ತದೆ. ಕಾರ್ಖಾನೆಗಳಲ್ಲಿ ಇಂಥವು ಕೋಣೆಯಷ್ಟು ದೊಡ್ಡದಿರುತ್ತವೆ. ಇದು ಹವ್ಯಾಸಿಗಳಿಗೆಂದು ಮಾಡಿದ ಪುಟ್ಟ ಯಂತ್ರ, ಬಿಡಿಬಿಡಿಯಾಗಿ ಡಬ್ಬಿಯಲ್ಲಿ ಬರುತ್ತದೆ, ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಆದರೆ ಅಚ್ಚಿನಕ್ಕನಿಗೆ ಇದು ಹವ್ಯಾಸವಲ್ಲ. ಇವತ್ತು ಬೆಳಿಗ್ಗೆ ಇವರಿಂದ ಅಚ್ಚು ಮಾಡಿಸಿಕೊಳ್ಳುವ ಸೋಪಿನ ಯಜಮಾನರು ಬರುತ್ತಾರೆ. ಅಷ್ಟರಲ್ಲಿ ಈ ಯಂತ್ರದಿಂದ ಒಂದು ಸರಿಯಾದ ಅಚ್ಚು ಹೊರಬರಬೇಕು. ಬರದಿದ್ದರೆ ಅವರು ಕಾರ್ಖಾನೆಯ ರಬ್ಬರ್ ಅಚ್ಚಿಗೆ ಹೋಗುತ್ತಾರೆ. ಅವರ ಹಿಂದೆ ಬಿಸ್ಕತ್ತಿನವರು, ಅವರ ಹಿಂದೆ ಇಟ್ಟಿಗೆಯವರು. ಇಪ್ಪತ್ತೆಂಟು ವರ್ಷದ ಕಸುಬು ಇವತ್ತಿಗೆ ಮುಗಿಯಬಹುದು.

ನೀವು ಬೆಳಿಗ್ಗೆ ಕೈಗೆತ್ತಿಕೊಳ್ಳುವ ಸೋಪಿನ ಮೇಲೆ ಉಬ್ಬಿದ ಅಕ್ಷರ ಇರುತ್ತದಲ್ಲ, ಅದನ್ನು ಯಾರು ಮಾಡಿದರು ಎಂದು ಯಾವತ್ತಾದರೂ ಕೇಳಿದ್ದೀರಾ? ಇಲ್ಲ. ಕೇಳುವುದೂ ಇಲ್ಲ. ಮೈಗೆ ಉಜ್ಜಿ ಬಚ್ಚಲಿಗೆ ಬಿಡುತ್ತೀರಿ. ಸಣ್ಣ ಸೋಪಿನ ಮನೆಗಳಲ್ಲಿ ಹಸಿ ಸೋಪಿನ ಮೇಲೆ ಒತ್ತುವ ಮರದ ಅಚ್ಚುಗಳನ್ನು ಕೆತ್ತುವವರು ಈ ಅಚ್ಚಿನಕ್ಕ. ತಂದೆಯಿಂದ ಕಲಿತ ವಿದ್ಯೆ. ಹೆಂಗಸರಿಗೆ ಉಳಿ ಹಿಡಿಯಲು ಕೊಡದ ಕಾಲದಲ್ಲಿ ತಂದೆ ಕೊಟ್ಟರು, ಗಂಡುಮಗ ಇರಲಿಲ್ಲವೆಂದು. "ಗಂಡು ಹುಟ್ಟಿದ್ರೆ ನಾನು ಅಡುಗೆಮನೇಲಿ ಇರ್ತಿದ್ದೆ. ನನ್ನ ಅಡುಗೆ ತಿಂದವರೆಲ್ಲ ಗಂಡು ಹುಟ್ಟಲಿಲ್ಲ ಅಂತ ಖುಷಿಪಟ್ಟಿದ್ದಾರೆ," ಎನ್ನುತ್ತಾರೆ.

ಅಚ್ಚಿನಲ್ಲಿ ಅಕ್ಷರ ಉಲ್ಟಾ ಇರಬೇಕು. ಆಗಲೇ ಸೋಪಿನ ಮೇಲೆ ನೇರ ಬೀಳುವುದು. ಹೀಗಾಗಿ ಇವರು ಬದುಕಿಡೀ ಕನ್ನಡಿಯಲ್ಲಿ ಕಂಡಂತೆ ಬರೆದವರು. ಅಂಗಡಿಗೆ ಬರೆದುಕೊಟ್ಟ ಚೀಟಿಯನ್ನೂ ಎಷ್ಟೋ ಸಲ ಉಲ್ಟಾ ಬರೆದು ಬೈಸಿಕೊಂಡಿದ್ದಾರಂತೆ.

ಹೋದ ವರ್ಷ ಹೆಬ್ಬೆರಳಿನ ಕೀಲು ಸವೆಯಿತು. ಉಳಿ ಒತ್ತಿದರೆ ಮೊಣಕೈವರೆಗೆ ಸಿಡಿಯುತ್ತದೆ. ವೈದ್ಯರು "ವಿಶ್ರಾಂತಿ ಕೊಡಿ" ಎಂದರು. ವಿಶ್ರಾಂತಿ! ಹೊಟ್ಟೆಗೂ ವಿಶ್ರಾಂತಿ ಕೊಡುವ ಗುಳಿಗೆ ಇದ್ದರೆ ಅದನ್ನೂ ಬರೆದುಕೊಡಬಹುದಿತ್ತು. ದೊಡ್ಡ ಅಚ್ಚುಗಳ ಕೆಲಸ ಅಲ್ಲಿಗೆ ನಿಂತಿತು. ಆಗ ಹೆಂಡತಿಗೂ ಹೇಳದೆ ಈ ಡಬ್ಬಿ ತರಿಸಿದವರು ಗಂಡ. ಅವರು ದರ್ಜಿ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅವರ ಹೊಲಿಗೆ ಯಂತ್ರವಿದೆ.

"ಫೋನಲ್ಲಿ ನೋಡಿದೆ. ಒಬ್ಬ ಟೀ ಕುಡಿಯೋದ್ರೊಳಗೆ ಜೋಡಿಸಿಬಿಟ್ಟ," ಎನ್ನುತ್ತಾರೆ ದರ್ಜಿ.

"ಅವನ ಟೀ ಯಾವ ಹಂಡೆಯಲ್ಲಿತ್ತೋ," ಎನ್ನುತ್ತಾರೆ ಅಚ್ಚಿನಕ್ಕ. ಇವರಿಗೆ ಎರಡು ತಿಂಗಳು ಹಿಡಿದಿದೆ.

ಜೊತೆಗೆ ಬಂದ ಪುಸ್ತಿಕೆಯನ್ನು ತಿರುವಿ ನೋಡಿದರೆ ಮೈ ಉರಿಯುತ್ತದೆ. ಭಾಷೆ ಯಾವುದೋ, ಮನೆಯಲ್ಲಿ ಯಾರಿಗೂ ಬಾರದು. ಚಿತ್ರಗಳಿವೆ, ಆದರೆ ಎಲ್ಲ ಸ್ಕ್ರೂಗಳೂ ಚಿತ್ರದಲ್ಲಿ ಒಂದೇ ಅಳತೆ. ಬಾಣದ ಗುರುತುಗಳು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತವೆ. ಇದನ್ನು ಬರೆದ ಮಹಾನುಭಾವನಿಗೆ ಇದೇ ಪುಸ್ತಿಕೆ ಕೊಟ್ಟು, ಒಂದು ಕುರ್ಚಿ ಜೋಡಿಸು, ಜೋಡಿಸಿದ ಮೇಲೆ ಅದರ ಮೇಲೆ ನೀನೇ ಕೂರು ಎನ್ನಬೇಕು. ಚೌಕಟ್ಟನ್ನು ಮೂರು ಸಲ ಬಿಚ್ಚಿ ಕಟ್ಟಿದ್ದಾರೆ. ಕೊನೆಗೂ ಒಂದು ಹಿಡಿ ಸ್ಕ್ರೂ ಉಳಿದಿವೆ. ಅವು ಎಲ್ಲಿಯವು ಎಂದು ಯಾರಿಗೂ ಗೊತ್ತಿಲ್ಲ. ಅತ್ತೆ ಅವನ್ನು ತಮ್ಮ ಮಾತ್ರೆ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ.

"ಒಂದಿನ ಈ ಯಂತ್ರ ಕಳಚಿ ಬೀಳುತ್ತೆ. ಆಗ ನನ್ನ ಹತ್ರಾನೇ ಬರಬೇಕು ಎಲ್ಲರೂ," ಎನ್ನುತ್ತಾರೆ ಅವರು.

ಈ ವಾರ ಯಂತ್ರ ಓಡಿತು. ಮೊದಲ ಸಲ ಒಂದು ಎಂಟೆಸಳಿನ ಹೂವು ಕೆತ್ತಿಸಿದರು. ಒಂದೊಂದು ಎಸಳೂ ಅಚ್ಚುಕಟ್ಟಾಗಿ ಬಂತು. ಮೂವರೂ ಕುಣಿದರಂತೆ. ಅತ್ತೆ ಮಾತ್ರ ಕೂತಲ್ಲೇ ಕುಣಿದರಂತೆ.

ಇವತ್ತು ಅಕ್ಷರದ ಸರದಿ. ಸೋಪಿನ ಹೆಸರು 'ನೊರೆ'. ಅಚ್ಚಿನಕ್ಕ ಎಂದಿನಂತೆ ಕಾಗದದ ಮೇಲೆ ಉಲ್ಟಾ ಬರೆದಿದ್ದಾರೆ. ದರ್ಜಿ ಫೋನಿನಲ್ಲಿ ಅದರ ಫೋಟೋ ತೆಗೆದು ಹಳೇ ಕಂಪ್ಯೂಟರಿಗೆ ಹಾಕುತ್ತಾರೆ. ಯಂತ್ರ ಗುರ್ರೆನ್ನುತ್ತದೆ, ಮರದ ಪುಡಿ ಹಾರುತ್ತದೆ, ಹೊಲಿಯಲಿಟ್ಟ ಯಾರದೋ ಬಿಳಿ ಅಂಗಿಯ ಮೇಲೆ ಕೂರುತ್ತದೆ. ಕಿಟಕಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಯಂತ್ರ ನಿಲ್ಲುತ್ತದೆ. ದರ್ಜಿ ಪುಡಿ ಊದಿ ಮರದ ತುಂಡನ್ನು ಎತ್ತಿ ಹಿಡಿಯುತ್ತಾರೆ.

"ನೊರೆ!" ಎಂದು ಗಟ್ಟಿಯಾಗಿ ಓದುತ್ತಾರೆ. "ನೋಡಮ್ಮ, ಎಷ್ಟು ಚೆನ್ನಾಗಿ ಬಂದಿದೆ!"

ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ಅಕ್ಷರ ಅಕ್ಷರ ಓದುತ್ತಾರೆ. "ನೊ... ರೆ. ಸರಿಯಾಗಿದೆ ಕಣೋ! ನನಗೇ ಓದೋಕೆ ಬರ್ತಿದೆ!"

ಅಚ್ಚಿನಕ್ಕನ ಮುಖ ಬಿಳಿಚಿಕೊಂಡಿದೆ.

"ಓದೋಕೆ ಬಂದ್ರೆ ತಪ್ಪು ಅತ್ತೆ."

"ಓದೋಕೆ ಬಂದ್ರೆ ತಪ್ಪಾ? ಎಲ್ಲರೂ ಬರೆಯೋದೇ ಓದೋಕಲ್ವೇನೇ?"

"ಸೋಪಿನ ಮೇಲೆ ಓದೋಕೆ ಬರಬೇಕು. ಅಚ್ಚಿನ ಮೇಲೆ ಬರಬಾರದು. ಇದನ್ನ ಒತ್ತಿದ್ರೆ ಸೋಪಿನ ಮೇಲೆ ಉಲ್ಟಾ ಬೀಳುತ್ತೆ."

"ನೀನು ಉಲ್ಟಾ ತಾನೇ ಬರ್ದಿದ್ದು? ನಾನೇ ಫೋಟೋ ತೆಗೆದೆ," ಎನ್ನುತ್ತಾರೆ ದರ್ಜಿ.

"ಉಲ್ಟಾನೇ ಬರ್ದೆ. ಇದು ಅದನ್ನೂ ಉಲ್ಟಾ ಮಾಡಿದೆ."

"ಉಲ್ಟಾದ ಉಲ್ಟಾ ಅಂದ್ರೆ ನೇರ. ನೇರ ಅಂದ್ರೆ ತಪ್ಪು," ಎಂದು ದರ್ಜಿ ಬೆರಳು ಮಡಚುತ್ತಾರೆ. ಆಮೇಲೆ ಬಿಚ್ಚುತ್ತಾರೆ. "ಹಾಗಿದ್ರೆ ಹೂವು ಹೇಗೆ ಸರಿ ಬಂತು?"

ಗಂಡ ಹೆಂಡತಿ ಇಬ್ಬರೂ ಹೂವಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ಅತ್ತೆಯೇ ಹೇಳುತ್ತಾರೆ: "ಹೂವಿಗೆ ಎಡ ಯಾವುದು ಬಲ ಯಾವುದು ಹೋಗೋ!"

ಚಿತ್ರವನ್ನು ತಿರುಗಿಸುವ ಗುಂಡಿ ಕಂಪ್ಯೂಟರಿನಲ್ಲೇ ಇದೆಯಂತೆ. ಯಾವುದೆಂದು ತಿಳಿಯದೆ ದರ್ಜಿ ಕಂಡದ್ದನ್ನೆಲ್ಲ ಒತ್ತುತ್ತಾರೆ. ಚಿತ್ರವೇ ಮಾಯವಾಗುತ್ತದೆ. ಅಚ್ಚಿನಕ್ಕ ಅದರತ್ತ ನೋಡುವುದೂ ಇಲ್ಲ. ಗಂಡನ ಹೊಲಿಗೆ ಸ್ಟೂಲಿನ ಮೇಲೆ ಹೋಗಿ ಕೂತು, ಆ ಕಡೆಯಿಂದ ಯಂತ್ರವನ್ನು ದಿಟ್ಟಿಸುತ್ತಾರೆ. ಅಲ್ಲಿ ಕೂತು ಅವರು ಯಂತ್ರವನ್ನು ನೋಡುತ್ತಿರುವುದು ಇದೇ ಮೊದಲು.

"ರೀ, ಇದರ ಮುಖ ಈ ಕಡೆ ಇದೆ. ನಾನು ಇಷ್ಟು ದಿನ ಬೆನ್ನಿನ ಕಡೆ ಕೂತಿದ್ದೆ."

ತಪ್ಪು ನಡೆದದ್ದು ಹೀಗೆ. ಬೆಳಕು ಬೇಕೆಂದು ಅಚ್ಚಿನಕ್ಕ ಕಿಟಕಿಯ ಕಡೆ ಕೂತರು. ಅದು ಯಂತ್ರದ ಹಿಂಬದಿ. ಅಲ್ಲಿಂದ ಕಂಪ್ಯೂಟರಿನ ಬಲಬಾಣದ ಗುಂಡಿ ಒತ್ತಿದರೆ ಮೊನೆ ಎಡಕ್ಕೆ ಹೋಯಿತು. ಇದು ಕೆಟ್ಟಿದೆ ಎಂದುಕೊಂಡು ಮೊನೆಯನ್ನು ಎಡಬಲ ಓಡಿಸುವ ಮೋಟರಿನ ವೈರು ಅದಲುಬದಲು ಮಾಡಿದರು. ಬಲ ಬಲವಾಯಿತು. ಮೇಲಿನ ಬಾಣ ಒತ್ತಿದರೆ ಮೊನೆ ತಮ್ಮ ಹೊಟ್ಟೆಯ ಕಡೆಗೇ ಬಂತು. ಬೇರೆ ಯಾರಾಗಿದ್ದರೂ ಅದೂ ತಪ್ಪು ಎನ್ನುತ್ತಿದ್ದರು. ಆದರೆ ಅಚ್ಚು ಕೆತ್ತುವವರು ಚಿತ್ರದ ತಲೆಯನ್ನು ಯಾವಾಗಲೂ ತಮ್ಮ ಹೊಟ್ಟೆಯ ಕಡೆಗೇ ಇಟ್ಟುಕೊಳ್ಳುತ್ತಾರೆ, ಉಳಿಯನ್ನು ಮುಂದಕ್ಕೆ ತಳ್ಳಲು ಅನುಕೂಲವೆಂದು. ಅವರಿಗೆ ಅದು ಸರಿಯಾಗಿಯೇ ಕಂಡಿತು. ಕಾಗದವನ್ನು ತಲೆಕೆಳಗಾಗಿ ತಿರುಗಿಸಿದರೆ ಅದರ ಬಲ ಅಂಚು ನಮ್ಮ ಎಡಕ್ಕೆ ಬರುತ್ತದೆ ತಾನೇ? ಇಲ್ಲಿ ತಲೆ ತಿರುಗಿತು, ಬಲ ಅಂಚು ಬಲಕ್ಕೇ ನಿಂತಿತು. ಯಂತ್ರ ಕನ್ನಡಿಯಾಯಿತು. ಎರಡೂ ದಿಕ್ಕಿನ ಮೋಟರಿನ ವೈರು ಬದಲಿಸಿದ್ದರೂ ಸರಿಹೋಗುತ್ತಿತ್ತು, ಒಂದನ್ನೂ ಮುಟ್ಟದಿದ್ದರೂ ಸರಿಹೋಗುತ್ತಿತ್ತು. ಕಸುಬು ಗೊತ್ತಿದ್ದದ್ದೇ ಇಲ್ಲಿ ಮುಳುವಾಯಿತು.

ದರ್ಜಿ ವೈರಿಗೆ ಕೈ ಹಾಕುತ್ತಾರೆ. ಅಚ್ಚಿನಕ್ಕ ಆ ಕೈಗೆ ಪಟ್ಟೆಂದು ಒಂದು ಏಟು ಕೊಡುತ್ತಾರೆ.

"ಮುಟ್ಟಬೇಡಿ! ಒಂದು ವೈರು ಮುಟ್ಟಿ ಇಷ್ಟಾಯ್ತು. ಅವರು ಬರೋ ಹೊತ್ತಾಯ್ತು."

"ಮತ್ತೇನು ಮಾಡ್ತೀಯ?"

"ಉಲ್ಟಾ ಮಾಡೋ ಕೆಲಸ ಅದೇ ಮಾಡ್ತಿದೆಯಲ್ಲ, ಮಾಡ್ಲಿ. ನಾನು ನೇರ ಬರ್ಕೊಡ್ತೀನಿ."

ಹೊಸ ಕಾಗದ ತೆಗೆದು ಪೆನ್ಸಿಲ್ ಹಿಡಿಯುತ್ತಾರೆ. ಕೈ ಓಡುತ್ತದೆ. ನೋಡಿದರೆ ಮತ್ತೆ ಉಲ್ಟಾ. ಹರಿದು ಇನ್ನೊಂದು ತೆಗೆಯುತ್ತಾರೆ. ಒಂದು ಅಕ್ಷರ ನೇರ, ಒಂದು ಉಲ್ಟಾ. ಆ ಹೆಂಗಸಿನ ಕಣ್ಣಲ್ಲಿ ನೀರು ಬರುವುದು ಆಗಲೇ. ಹೆಬ್ಬೆರಳು ಹೋದಾಗಲೂ ಅತ್ತವರಲ್ಲವಂತೆ. "ಎಂಥಾ ಹಣೆಬರಹ ನೋಡಿ. ಸೋಪಿನ ಮೇಲೆ ಊರಿಗೆಲ್ಲ ಬರೆದವಳಿಗೆ ಈಗ ಎರಡಕ್ಷರ ನೆಟ್ಟಗೆ ಬರೆಯೋಕೆ ಬರ್ತಿಲ್ಲ."

"ನಾನು ಬರೀಲಾ?" ಎಂದು ಚಾಕ್ ಹಿಡಿದು ಬರುತ್ತಾರೆ ದರ್ಜಿ.

"ನಿಮ್ಮ ಅಕ್ಷರ ಹಾಕಿದ್ರೆ ಸೋಪು ನೋಡಿ ಜನ ಸ್ನಾನಾನೇ ಬಿಡ್ತಾರೆ." ಅಳುತ್ತಲೇ ಹೇಳಿ, ಅಳುತ್ತಲೇ ನಗುತ್ತಾರೆ. ಆಮೇಲೆ ತಟ್ಟನೆ ಎದ್ದು, ಮೊದಲು ಉಲ್ಟಾ ಬರೆದಿದ್ದ ಕಾಗದವನ್ನೇ ತೆಗೆದುಕೊಂಡು ಅದರ ಬೆನ್ನು ತಮ್ಮ ಕಡೆಗಿರುವಂತೆ ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತಾರೆ. ಬಿಸಿಲು ಬಿದ್ದು ಅಕ್ಷರ ಹಿಂದಿನಿಂದ ಮೂಡುತ್ತದೆ. ನೇರವಾಗಿ. ಅದರ ಮೇಲೆಯೇ ಪೆನ್ಸಿಲ್ ಆಡಿಸುತ್ತಾರೆ.

ಯಂತ್ರ ಮತ್ತೆ ಗುರ್ರೆನ್ನುತ್ತದೆ. ಸೋಪಿನ ಯಜಮಾನರು ಬಂದು ಬಾಗಿಲಲ್ಲಿ ನಿಲ್ಲುವಾಗ ಕೊನೆಯ ಗೆರೆ ಓಡುತ್ತಿದೆ. ದರ್ಜಿ ತುಂಡನ್ನು ಎತ್ತಿ ನೋಡುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. "ನನಗೆ ಓದೋಕಾಗ್ತಿಲ್ಲ."

"ಅಮ್ಮಯ್ಯ," ಎಂದು ಅಚ್ಚಿನಕ್ಕ ಗೋಡೆಗೆ ಒರಗುತ್ತಾರೆ.

ಆದರೂ ಕೆಲಸ ಮುಗಿದಿಲ್ಲ. ಯಂತ್ರ ಕೆತ್ತಿದ ಅಂಚಿನಲ್ಲೆಲ್ಲ ಮರದ ನಾರು ಎದ್ದಿದೆ. ಅದನ್ನು ಅವರು ಸಣ್ಣ ಉಳಿಯಿಂದ ಸವರಿ ತೆಗೆಯುತ್ತಾರೆ, ಹಲ್ಲು ಕಚ್ಚಿಕೊಂಡು. ಇಷ್ಟು ಮಾತ್ರವಾದರೆ ಹೆಬ್ಬೆರಳು ತಡೆಯುತ್ತದಂತೆ. ಯಂತ್ರ ತಂದ ಮೇಲೆ ಕೈಗೇನು ಕೆಲಸ ಎನ್ನುವ ಬುದ್ಧಿವಂತರು ಆ ನಾರಿನ ಮೇಲೆ ಒಮ್ಮೆ ಬೆರಳಾಡಿಸಿ ನೋಡಲಿ.

ಸೋಪಿನ ಯಜಮಾನರು ಚೀಲದಿಂದ ಹಸಿ ಸೋಪಿನ ಗಟ್ಟಿ ತೆಗೆದು ಅಚ್ಚು ಒತ್ತುತ್ತಾರೆ. ಬಿಡಿಸಿ ನೋಡುತ್ತಾರೆ.

"ನಿಮ್ಮ 'ರೆ' ಬಾಲ ಎಡಕ್ಕೆ ಚೂರು ಎಳೀತದಲ್ಲ ಅಕ್ಕ, ಅದು ಹಾಗೇ ಬಂದಿದೆ," ಎನ್ನುತ್ತಾರೆ. "ರಬ್ಬರಿನವನು ಅದನ್ನ ಸರಿ ಮಾಡ್ಕೊಡ್ತೀನಿ ಅಂದ. ಸರಿ ಮಾಡಿದ್ರೆ ನಮ್ಮ ಸೋಪು ಅಂತ ಯಾರಿಗೆ ಗೊತ್ತಾಗುತ್ತೆ? ಇನ್ನೆರಡು ಮಾಡಿಡಿ." ಅಷ್ಟೇ ಹೇಳಿ ಹೊರಡುತ್ತಾರೆ. ಯಂತ್ರದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ಅಚ್ಚಿನಕ್ಕ ಅಚ್ಚಿಗೆ ಅಂಟಿದ ಸೋಪನ್ನು ಬಟ್ಟೆಯಿಂದ ಒರೆಸುತ್ತಾರೆ. "ಇದು ನನ್ನ ಕೆಲಸಾನಾ, ಅದರ ಕೆಲಸಾನಾ, ನನಗೇ ಗೊತ್ತಾಗ್ತಿಲ್ಲ," ಎನ್ನುತ್ತಾರೆ. "ಬರ್ದಿದ್ದು ನಾನು. ಕೆತ್ತಿದ್ದು ಅದು. ತಪ್ಪಾಗಿ ಜೋಡಿಸಿದ್ದೂ ನಾನೇ. ಆ ತಪ್ಪಿಂದಾನೇ ಈಗ ಕೆಲಸ ನಡೀತಿದೆ. ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ?"

ದರ್ಜಿ ಬಿಳಿ ಅಂಗಿಯ ಮೇಲಿನ ಮರದ ಪುಡಿ ಕೊಡವುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಬಾಗಿಲ ಕಡೆ ತೋರಿಸುತ್ತಾರೆ. ಇಷ್ಟು ವರ್ಷ ಬೇರೆಯವರ ಹೆಸರು ಕೆತ್ತಿದ್ದಾರೆ, ಅವೆಲ್ಲ ನೀರಿಗೆ ಕರಗಿಹೋಗಿವೆ. ಆ ಬಾಗಿಲಿಗೆ ಒಂದು ಮರದ ಬೋರ್ಡು ಬೇಕಂತೆ, ಅವರ ಹೆಸರಿನದು.

"ಬೋರ್ಡನ್ನ ಜನ ಓದಬೇಕಲ್ಲೇ!" ಎಂದು ಅತ್ತೆ ಗಾಬರಿಯಾಗುತ್ತಾರೆ. "ಈ ಯಂತ್ರ ಎಲ್ಲಾನೂ ಉಲ್ಟಾ ಮಾಡುತ್ತೆ ಅಂದೆಯಲ್ಲ?"

"ಮಾಡ್ಲಿ ಅತ್ತೆ," ಎಂದು ಅಚ್ಚಿನಕ್ಕ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಈ ಸಲ ಕೈ ತಡವರಿಸುವುದಿಲ್ಲ. "ಅದಕ್ಕೆ ನಾನು ಯಾವತ್ತಿನ ಹಾಗೆ ಬರೆದ್ರೆ ಸಾಕು."